ಕಳೆ ಸತ್ತ ಮೇಲೆ ಔಷಧಿ ಎಲ್ಲಿಗೆ ಹೋಗುತ್ತದೆ?

(ತೀರ್ಥಹಳ್ಳಿ ತಾಲೂಕಿನ ಒಂದು ಊರಿನ ಸಮುದಾಯ ಭವನದಲ್ಲಿ ಅಡಿಕೆ, ಭತ್ತ ಬೆಳೆಯುವವರ ಎದುರು ಆಡಿದ ಮಾತು ಇದು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿಕೊಂಡಿದ್ದವನು. ನಿಮ್ಮ ಹಾಗೇ ನನಗೂ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಹಳ್ಳ. ಆ ಹಳ್ಳ ಮಾಲತಿಗೆ ಸೇರುತ್ತದೆ, ಮಾಲತಿ ತುಂಗೆಗೆ ಸೇರುತ್ತದೆ. ಮುಂದೆ ಕೂಡ್ಲಿಯಲ್ಲಿ ಭದ್ರೆಯೂ ಬಂದು ಕೂಡುವುದು ನಿಮಗೆ ಗೊತ್ತೇ ಇದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐದಾರು ವರ್ಷ ನಾನೂ ಕಳೆ ಔಷಧಿ ಹೊಡೆಸಿದ್ದೇನೆ. ಕತ್ತಿ ಹಿಡಿದು ಕಳೆ ಸವರುವವರು ಸಿಗುತ್ತಿರಲಿಲ್ಲ, ಸಿಕ್ಕಿದರೂ ಕೂಲಿ ಕೊಟ್ಟು ಪೂರೈಸುತ್ತಿರಲಿಲ್ಲ. ಅಂಗಡಿಯವರು ಕ್ಯಾನ್ ಕೈಗೆ ಕೊಡುವಾಗ ಹೇಳಿದ ಮಾತು ಇನ್ನೂ ನೆನಪಿದೆ: "ಎಂತ ಹೆದರಿಕೆ ಇಲ್ಲ ಮೇಷ್ಟ್ರೇ, ಮಣ್ಣು ಮುಟ್ಟಿದ್ರೆ ಮುಗೀತು, ಕರಗಿ ಹೋಗ್ತದೆ."

ನಾನು ತಲೆಯಾಡಿಸಿ ದುಡ್ಡು ಕೊಟ್ಟು ಬಂದೆ. ಮನೆಗೆ ಬಂದು ಊಟಕ್ಕೆ ಕೂತಾಗ ತಲೆಗೆ ಹೊಳೆಯಿತು. ಸಾರಿಗೆ ಹಾಕಿದ ಉಪ್ಪೂ ಕರಗುತ್ತದೆ. ಹೋಗುತ್ತದಾ? ಇಷ್ಟು ವರ್ಷ ಹುಡುಗರಿಗೆ ವಸ್ತು ನಾಶವಾಗುವುದಿಲ್ಲ ಅಂತ ಬೋರ್ಡಿನ ಮೇಲೆ ಬರೆದವನು ಅಂಗಡಿಯಲ್ಲಿ ಸುಮ್ನೆ ನಿಂತು ಕೇಳಿಸಿಕೊಂಡು ಬಂದಿದ್ದೆ. ಕಳೆ ಸತ್ತಿತು ಸರಿ, ಔಷಧಿ ಎಲ್ಲಿ ಹೋಯಿತು? ಇವತ್ತಿನ ಮಾತೆಲ್ಲ ಇದರ ಮೇಲೆಯೇ.

ಮೊದಲು ಮೇಜಿನ ಮೇಲಿರುವ ಈ ಬಾಟಲಿ ನೋಡಿ. ಎರಡು ನೀರಿನ ಬಾಟಲಿಗಳ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸಿದ್ದೇನೆ. ಬಾಯಿಗೆ ಹತ್ತಿ ತುರುಕಿದೆ. ಎರಡರಲ್ಲೂ ನನ್ನ ತೋಟದ್ದೇ ಕೆಂಪು ಮಣ್ಣು. ಒಂದಕ್ಕೆ ನೀಲಿ ನೀರು ಹಾಕುತ್ತೇನೆ. ಇದು ಮೆಥಿಲೀನ್ ಬ್ಲೂ, ಮೀನು ಸಾಕುವವರು ಗಾಜಿನ ತೊಟ್ಟಿಗೆ ಬಿಡುವ ಔಷಧಿ. ಇನ್ನೊಂದಕ್ಕೆ ಜಿಲೇಬಿ ಬಣ್ಣ ಕಲಸಿದ ನೀರು. ಇದು ಇಳಿಯಲಿ, ನಾವು ಮಾತಾಡುತ್ತಿರೋಣ.

ನಿಮ್ಮಲ್ಲಿ ಹೆಚ್ಚಿನವರು ಬಳಸುವುದು ಗ್ಲೈಫೋಸೇಟ್. ಕಂಪನಿ ಯಾವುದೇ ಇರಲಿ, ಎಲ್ಲರ ಬಾಯಲ್ಲೂ ಅದು ರೌಂಡಪ್. 1970ರಲ್ಲಿ ಜಾನ್ ಫ್ರಾಂಜ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಇದಕ್ಕೆ ಕಳೆ ಕೊಲ್ಲುವ ಗುಣ ಇದೆ ಅಂತ ಕಂಡುಕೊಂಡರು. 1974ಕ್ಕೆ ಮಾರುಕಟ್ಟೆಗೆ ಬಂತು. ಇದರ ಅಣು ತುಂಬಾ ಚಿಕ್ಕದು. ಗ್ಲೈಸಿನ್ ಅಂತ ಒಂದು ಅಮೈನೋ ಆಮ್ಲ ಇದೆ, ನಾವು ತಿನ್ನುವ ಬೇಳೆಯಲ್ಲೂ ಇರುವಂಥದ್ದು. ಅದರ ಬಾಲಕ್ಕೆ ರಂಜಕದ ಒಂದು ಗುಂಪು ಅಂಟಿಸಿದರೆ ಗ್ಲೈಫೋಸೇಟ್.

ಮಣ್ಣಿನ ಬ್ಯಾಕ್ಟೀರಿಯಾಗಳು ಇದನ್ನು ಎರಡು ಕಡೆ ಕತ್ತರಿಸಬಲ್ಲವು. ಒಂದು ಕಡೆ ಕತ್ತರಿಸಿದರೆ ಸಾರ್ಕೋಸಿನ್ ಬರುತ್ತದೆ, ಅದನ್ನು ಬೇಗ ತಿಂದು ಮುಗಿಸುತ್ತವೆ. ಇನ್ನೊಂದು ಕಡೆ ಕತ್ತರಿಸಿದರೆ ಬರುವುದು ಅಮೈನೋಮೀಥೈಲ್ ಫಾಸ್ಫಾನಿಕ್ ಆಮ್ಲ. ಉದ್ದ ಹೆಸರು, ಎಲ್ಲರೂ ಆಂಪಾ ಅಂತಾರೆ. ಮಣ್ಣಿನಲ್ಲಿ ಹೆಚ್ಚಾಗಿ ನಡೆಯುವುದು ಈ ಎರಡನೆಯದೇ. ಹೀಗೆ ಒಡೆದು ಬಂದದ್ದನ್ನು ಪುಸ್ತಕದಲ್ಲಿ ವಿಘಟನಾ ಉತ್ಪನ್ನ ಅಂತ ಬರೆಯುತ್ತಾರೆ. ನಾನು ಚೂರು ಅಂತೀನಿ. ಗಾಜಿನ ಲೋಟ ಒಡೆದರೆ ಲೋಟ ಇಲ್ಲ, ಚೂರು ಇದೆ. ಬರಿಗಾಲಲ್ಲಿ ಓಡಾಡುವವರಿಗೆ ಅದರ ಗುರುತು ಚೆನ್ನಾಗಿ ಸಿಗುತ್ತದೆ.

ಆಂಪಾದಲ್ಲಿ ಇಂಗಾಲಕ್ಕೂ ರಂಜಕಕ್ಕೂ ನೇರ ಗಂಟು. ಈ ಗಂಟು ಬಿಚ್ಚುವ ಕಿಣ್ವ ಕೆಲವೇ ಬ್ಯಾಕ್ಟೀರಿಯಾಗಳ ಹತ್ತಿರ ಇದೆ. ಅವು ಕೂಡ ರಂಜಕಕ್ಕೆ ಬರ ಬಂದಾಗ ಮಾತ್ರ ಆ ಕಷ್ಟಕ್ಕೆ ಕೈ ಹಾಕುತ್ತವೆ. ನಾವು ಡಿಎಪಿ ಗೊಬ್ಬರ ಹಾಕಿ ಮಣ್ಣಿಗೆ ರಂಜಕ ಉಣಿಸಿಟ್ಟಿದ್ದರೆ ಅವಕ್ಕೆ ಏನು ಅವಸರ? ಮದುವೆ ಮನೆ ಊಟ ಆದವನು ಹಲಸಿನ ಬೀಜ ಸುಲಿಯುತ್ತಾ ಕೂರುತ್ತಾನಾ?

ಸ್ವಲ್ಪ ಲೆಕ್ಕ ಮಾಡೋಣ. ಅರ್ಧಾಯು ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ. ಗ್ಲೈಫೋಸೇಟ್‌ಗೆ ಮಣ್ಣಿನಲ್ಲಿ 47 ದಿನ ಅಂತ ಒಂದು ಸರಾಸರಿ ಸಂಖ್ಯೆಯನ್ನು ಬಹಳ ಕಡೆ ಬರೆದಿರುತ್ತಾರೆ. ಮಣ್ಣು ಬದಲಾದರೆ ಕೆಲವೇ ದಿನವೂ ಆಗಬಹುದು, ತಿಂಗಳುಗಟ್ಟಲೆಯೂ ಆಗಬಹುದು. 47ನ್ನೇ ಹಿಡಿಯಿರಿ. ಮೇ ಕೊನೆ ವಾರ ಹೊಡೆದದ್ದು 141 ದಿನಕ್ಕೆ, ಅಂದರೆ ಹೆಚ್ಚುಕಡಿಮೆ ದೀಪಾವಳಿ ಹೊತ್ತಿಗೆ, ಎಂಟರಲ್ಲಿ ಒಂದು ಪಾಲು ಉಳಿಯುತ್ತದೆ. ಆಂಪಾಗೆ ಕೊಡುವ ಸಂಖ್ಯೆ 76ರಿಂದ 240 ದಿನ. ಅಪ್ಪ ಖಾಲಿಯಾಗುತ್ತಾ ಹೋದ ಹಾಗೆ ಮಗ ಬೆಳೆಯುತ್ತಾನೆ. ಮುಂದಿನ ವರ್ಷ ಮತ್ತೆ ಹೊಡೆಯುವಾಗ ಹಳೆಯ ಬಾಕಿ ಪೂರ್ತಿ ತೀರಿರುವುದಿಲ್ಲ.

ಆಂಪಾ ಅಂದರೆ ಭಯಂಕರ ವಿಷ ಅಂತ ಹೆದರಿಸಲು ನಾನು ಬಂದಿಲ್ಲ. ಪ್ರಾಣಿಗಳ ಮೇಲೆ ಅದರ ವಿಷಗುಣ ಕಡಿಮೆಯೇ. ವಾಟ್ಸ್ಆ್ಯಪ್‌ನಲ್ಲಿ ಬರುವ ಹಾಗೆ ಒಂದು ಹನಿಗೆ ಊರು ಸಾಯುವುದಿಲ್ಲ. ಗ್ಲೈಫೋಸೇಟ್ ಬಗ್ಗೆಯೇ ದೊಡ್ಡವರಲ್ಲಿ ಜಗಳ ಇದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಹುದು ಅಂತ ವರ್ಗೀಕರಿಸಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆ ಸಂಭವ ಕಡಿಮೆ ಅಂದಿತು. ಆ ಜಗಳ ಇಲ್ಲಿ ಕೂತು ಬಗೆಹರಿಸಲು ಆಗುವುದಿಲ್ಲ. ನನ್ನ ತಕರಾರು ಅದಕ್ಕಿಂತ ಸಣ್ಣದು. ನೀರಿನಲ್ಲಿ ಏನಿದೆ ಅಂತ ನೋಡುವಾಗ ಚೂರನ್ನೂ ನೋಡಬೇಕು, ಅಷ್ಟೇ.

ಈಗ ಬಾಟಲಿ ನೋಡಿ. ನೀಲಿ ಹಾಕಿದ್ದರ ಕೆಳಗೆ ಏನು ಬಿದ್ದಿದೆ? ತಿಳಿ ನೀರು. ನೀಲಿ ಎಲ್ಲ ಮೇಲಿನ ಎರಡು ಬೆರಳು ಮಣ್ಣಿನಲ್ಲೇ ನಿಂತುಬಿಟ್ಟಿದೆ. ಜಿಲೇಬಿ ಬಣ್ಣದ್ದು? ಸ್ವಲ್ಪ ಮಸುಕಾಗಿದೆ, ಆದರೆ ಬಣ್ಣ ಕೆಳಗೆ ಬಂದೇ ಬಂತು. ಮಣ್ಣು ಒಂದೇ, ನೀರು ಒಂದೇ. ಮೆಥಿಲೀನ್ ಬ್ಲೂಗೆ ಧನ ವಿದ್ಯುತ್ ಅಂಶ ಇದೆ, ಜೇಡಿಗೆ ಋಣ ಅಂಶ, ಹಾಗಾಗಿ ಅಪ್ಪಿಕೊಳ್ಳುತ್ತವೆ. ಪ್ಯಾರಾಕ್ವಾಟ್ ಗೊತ್ತಲ್ಲ, ಕುಡಿದರೆ ಮದ್ದೇ ಇಲ್ಲದ ಆ ಕಳೆ ಔಷಧಿ, ಅದೂ ಜೇಡಿಗೆ ಹೀಗೇ ಅಂಟುತ್ತದೆ. ಗ್ಲೈಫೋಸೇಟ್, ಆಂಪಾ ಅಂಟುವ ದಾರಿ ಬೇರೆ. ಅವುಗಳ ರಂಜಕದ ತುದಿ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಅಂದರೆ ಬಹುಪಾಲು ಅದೇ ತಾನೇ, ಅದಕ್ಕೇ ಕೆಂಪು.

ಹಾಗಾದರೆ ಅಂಗಡಿಯವರು ಹೇಳಿದ್ದು ಸರಿ ಆಯಿತಲ್ಲ ಮೇಷ್ಟ್ರೇ, ಮಣ್ಣು ಮುಟ್ಟಿದರೆ ಮುಗೀತು? ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ನಾನು ಈ ಪ್ರಶ್ನೆಗೇ ಕಾಯುತ್ತಿದ್ದೆ.

ನೀಲಿ ಹಿಡಿದ ಮಣ್ಣನ್ನು ಒಂದು ಚಮಚ ತೆಗೆದು ಈ ಲೋಟದ ನೀರಿಗೆ ಹಾಕಿ ಅಲ್ಲಾಡಿಸುತ್ತೇನೆ. ಏನಾಯಿತು? ಕೆಂಪು ರಾಡಿ. ನೀಲಿ ಎಲ್ಲಿದೆ? ಆ ಕಣಗಳ ಮೈಮೇಲೇ ಕೂತು ಲೋಟದ ತುಂಬಾ ತಿರುಗುತ್ತಿದೆ. ಈಗ ಆರಿದ್ರಾ ಮಳೆ ನೆನೆಸಿಕೊಳ್ಳಿ. ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ನಮಗೆ ದೊಡ್ಡ ಸುದ್ದಿ ಏನಲ್ಲ. ಅಷ್ಟು ಮಳೆ ಅಂದರೆ ಒಂದು ಎಕರೆ ಮೇಲೆ ನಾಲ್ಕು ಲಕ್ಷ ಲೀಟರ್ ನೀರು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಹುಲ್ಲು ಇರುವ ತೋಟದಲ್ಲಿ ಆ ನೀರು ಹುಲ್ಲಿನ ಬುಡದಲ್ಲಿ ತಡೆದು ಇಳಿಯುತ್ತದೆ. ಔಷಧಿ ಹೊಡೆದು ಬೋಳಿಸಿದ ತೋಟದಲ್ಲಿ ಮಣ್ಣು ಎತ್ತಿಕೊಂಡೇ ಬಸಿಗಾಲುವೆಗೆ ಬೀಳುತ್ತದೆ. ತುಂಗೆ ಜುಲೈನಲ್ಲಿ ಚಹಾ ಬಣ್ಣಕ್ಕೆ ತಿರುಗುತ್ತಾಳಲ್ಲ, ಆ ಬಣ್ಣ ನಮ್ಮದೇ ಮಣ್ಣು. ಅಂಟಿದ ಔಷಧಿ ಬಿಡಿಸಿಕೊಳ್ಳಬೇಕಾಗಿಲ್ಲ, ಮಣ್ಣಿನ ಹೆಗಲ ಮೇಲೇ ಹೊರಡುತ್ತದೆ. ಗಾಜನೂರು ಅಣೆಕಟ್ಟೆಯಲ್ಲಿ ನೀರು ನಿಧಾನ ಆದಾಗ ಕೆಸರಿನ ಜೊತೆ ತಳಕ್ಕೆ ಕೂರುತ್ತದೆ.

ಗೊಬ್ಬರದ ಇನ್ನೊಂದು ತಕರಾರು ಇದೆ. ರಂಜಕದ ಗೊಬ್ಬರವೂ ಅದೇ ಕಬ್ಬಿಣ, ಅಲ್ಯೂಮಿನಿಯಂ ಜಾಗಕ್ಕೆ ಬಂದು ಕೂರುತ್ತದೆ. ಬಸ್ಸಿನಲ್ಲಿ ಸೀಟು ಕಡಿಮೆ, ಜನ ಜಾಸ್ತಿ. ಗೊಬ್ಬರ ಬಂದು ಕೂತರೆ ಗ್ಲೈಫೋಸೇಟ್ ಎದ್ದು ಹೋಗಬೇಕಾಗುತ್ತದೆ. ಕಳೆ ಔಷಧಿ ಹೊಡೆದ ವಾರದಲ್ಲೇ ರಂಜಕದ ಗೊಬ್ಬರ ಹಾಕುವುದು ಹೀಗಾಗಿ ಬುದ್ಧಿವಂತಿಕೆ ಅಲ್ಲ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಿಮಗೆ ಇಷ್ಟ ಆಗುವುದಿಲ್ಲ. ನಮ್ಮ ದೇಶದಲ್ಲಿ ಗ್ಲೈಫೋಸೇಟ್‌ಗೆ ಒಪ್ಪಿಗೆ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಅಡಿಕೆ ಆ ಪಟ್ಟಿಯಲ್ಲಿ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಲೈಸೆನ್ಸ್ ಇರುವ ಕೀಟ ನಿಯಂತ್ರಣದವರು ಮಾತ್ರ ಹೊಡೆಯಬೇಕು ಅಂತ ಅಧಿಸೂಚನೆಯನ್ನೂ ಹೊರಡಿಸಿತು. ಅಂಥವರೊಬ್ಬರು ನಮ್ಮ ತೋಟಕ್ಕೆ ಬಂದದ್ದನ್ನು ನಾನಂತೂ ನೋಡಿಲ್ಲ. ನೀವು ನೋಡಿದ್ದೀರಾ? (ಎಲ್ಲರೂ ನಕ್ಕರು.)

ಈಗ ಜಿಲೇಬಿ ಬಣ್ಣದ ಹಾಗೆ ಮಣ್ಣು ದಾಟಿ ಕೆಳಗೆ ಇಳಿಯುವವುಗಳ ಕಥೆ. ನಮ್ಮ ಜಿಲ್ಲೆಯಲ್ಲೇ ಶಿಕಾರಿಪುರದ ಕಡೆ ಹೋದರೆ ಮೆಕ್ಕೆಜೋಳ. ಅಲ್ಲಿ ಬಿತ್ತಿದ ಒಂದೆರಡು ದಿನಕ್ಕೆ ಹೊಡೆಯುವುದು ಅಟ್ರಾಜಿನ್ ಅನ್ನುವ ಕಳೆ ಔಷಧಿ. ಈ ಅಣುವಿನಲ್ಲಿ ಮಧ್ಯೆ ಒಂದು ಬಳೆ, ಬಳೆಗೆ ಒಂದು ಕ್ಲೋರಿನ್, ಅಕ್ಕಪಕ್ಕ ಎರಡು ಬಾಲ. ನೀರು ಮತ್ತು ಜೇಡಿ ಸೇರಿ ಕ್ಲೋರಿನ್ ಕಿತ್ತರೆ ಹೈಡ್ರಾಕ್ಸಿ ಅಟ್ರಾಜಿನ್ ಆಗುತ್ತದೆ. ಕಳೆ ಕೊಲ್ಲುವ ಶಕ್ತಿ ಹೋಗುತ್ತದೆ, ಮಣ್ಣಿಗೆ ಗಟ್ಟಿಯಾಗಿ ಅಂಟುತ್ತದೆ. ಇದು ಒಳ್ಳೆಯ ಮಗ. ಬ್ಯಾಕ್ಟೀರಿಯಾ ಬಂದು ಒಂದು ಬಾಲ ಮಾತ್ರ ಕಡಿದರೆ ಡೀಈಥೈಲ್ ಅಟ್ರಾಜಿನ್. ಕ್ಲೋರಿನ್ ಹಾಗೇ ಇದೆ. ಮೈ ಹಗುರ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮಣ್ಣಿಗೆ ಅಪ್ಪನಿಗಿಂತ ಕಡಿಮೆ ಅಂಟುತ್ತದೆ. ಅಪ್ಪ ಹೊಲದಲ್ಲಿರುವಾಗಲೇ ಈ ಮಗ ಬೋರ್‌ವೆಲ್ ಹತ್ತಿರ ಹೋಗಿ ಕೂತಿರುತ್ತಾನೆ.

ಮಣ್ಣಿನ ಮೇಲ್ಪದರದಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇವೆ, ಶಾಖ ಇದೆ, ಗಾಳಿ ಇದೆ. ಆಳಕ್ಕೆ ಇಳಿದ ಹಾಗೆ ಇವೆಲ್ಲ ಕಡಿಮೆ. ಬೋರ್‌ವೆಲ್ ನೀರು ಇರುವ ಕಡೆ ಬಿಸಿಲೂ ಇಲ್ಲ, ತಿನ್ನುವವರೂ ಇಲ್ಲ. ಒಡೆಯುವ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಜರ್ಮನಿ 1991ರಲ್ಲೇ ಅಟ್ರಾಜಿನ್ ನಿಷೇಧಿಸಿತು. ದಶಕಗಳು ಕಳೆದ ಮೇಲೂ ಅಲ್ಲಿನ ಅಂತರ್ಜಲದಲ್ಲಿ ಡೀಈಥೈಲ್ ಅಟ್ರಾಜಿನ್ ಸಿಗುತ್ತಿತ್ತು. ಹೊಡೆದವರಲ್ಲಿ ಎಷ್ಟೋ ಜನ ತೀರಿಕೊಂಡಿರಬಹುದು, ನೀರಿಗೆ ನೆನಪಿದೆ.

ಅಪ್ಪ ಮಗನ ಪ್ರಮಾಣ ಹೋಲಿಸಿ ಅಳೆಯುವವರು ಒಂದು ಪತ್ತೇದಾರಿ ಮಾಡುತ್ತಾರೆ, ನನಗೆ ಬಹಳ ಇಷ್ಟ ಅದು. ಬಾವಿಯಲ್ಲಿ ಅಟ್ರಾಜಿನ್ ಜಾಸ್ತಿ, ಚೂರು ಕಡಿಮೆ ಇದ್ದರೆ ಔಷಧಿ ಸೀದಾ ಬಂದಿದೆ ಅಂತ ಅರ್ಥ. ಯಾರೋ ಬಾವಿಕಟ್ಟೆ ಹತ್ತಿರ ಕ್ಯಾನ್ ತೊಳೆದಿರಬಹುದು. ಚೂರೇ ಜಾಸ್ತಿ ಇದ್ದರೆ ಅದು ಮಣ್ಣಿನೊಳಗೆ ನಿಧಾನ ನಡೆದು, ದಾರಿಯುದ್ದಕ್ಕೂ ಒಡೆಯುತ್ತಾ ಬಂದಿದೆ. ಚೂರು ಸುಮ್ನೆ ಕಸ ಅಲ್ಲ, ಸಾಕ್ಷಿ ಕೂಡ.

ಪೂರ್ತಿ ಕತ್ತಲೆ ಚಿತ್ರ ಬೇಡ. ಅಟ್ರಾಜಿನ್ ಬಳೆಯನ್ನೇ ಒಡೆದು ಅದರ ಸಾರಜನಕ ತಿಂದು ಬದುಕುವ ಸ್ಯೂಡೋಮೋನಾಸ್ ಜಾತಿಯ ಬ್ಯಾಕ್ಟೀರಿಯಾವನ್ನು 1990ರ ದಶಕದಲ್ಲಿ ಅಮೆರಿಕದಲ್ಲಿ ಗುರುತಿಸಿದರು. ವರ್ಷ ವರ್ಷ ಅದೇ ಔಷಧಿ ಬಿದ್ದ ಹೊಲದ ಮಣ್ಣು ಅದನ್ನು ತಿನ್ನಲು ಕಲಿತುಬಿಡುತ್ತದೆ. ಆಮೇಲೆ ಕಳೆ ಸಾಯುವುದಿಲ್ಲ ಅಂತ ರೈತರು ಗೊಣಗುತ್ತಾರೆ, ಅದು ಬೇರೆ ಮಾತು.

ಗದ್ದೆಯವರು ಎಲ್ಲಿದ್ದೀರಿ? ನೆಟ್ಟಿ ಆದ ಮೇಲೆ ಮರಳಿಗೆ ಬ್ಯುಟಾಕ್ಲೋರ್ ಅನ್ನುವ ಕಳೆ ಔಷಧಿ ಕಲಸಿ ಎರಚುತ್ತೀರಲ್ಲ. ಇದರ ಬಳಗದ ಅಲಾಕ್ಲೋರ್, ಮೆಟೊಲಾಕ್ಲೋರ್‌ಗಳನ್ನು ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಅಳೆದಾಗ, ಅಂತರ್ಜಲದಲ್ಲಿ ಮೂಲ ಔಷಧಿಗಿಂತ ಅದರ ಚೂರುಗಳೇ ಹೆಚ್ಚು ಕಡೆ ಸಿಕ್ಕವು. ಗಂಧಕ ಸೇರಿ ಆಮ್ಲವಾದ ಚೂರುಗಳು ಅವು, ನೀರಿನಲ್ಲಿ ಸಲೀಸಾಗಿ ಓಡುತ್ತವೆ. ಬ್ಯುಟಾಕ್ಲೋರ್ ಹಾಕಿದ ಮೇಲೆ ಕೆಲವು ದಿನ ಗದ್ದೆ ನೀರು ಕಟ್ಟಿ ನಿಲ್ಲಿಸಬೇಕು. ಬಯಲುಸೀಮೆಯಲ್ಲಿ ನಾಲೆ ನೀರು ತಿರುಗಿಸಿ ನಿಲ್ಲಿಸಬಹುದು. ನಮ್ಮಲ್ಲಿ ಮೇಲಿನ ಗದ್ದೆ ನೀರು ಕೆಳಗಿನ ಗದ್ದೆಗೆ, ಅದರದ್ದು ಹಳ್ಳಕ್ಕೆ. ಪುನರ್ವಸು ಮಳೆ ಸುರಿಯುವಾಗ ಅಂಚು ಕಟ್ಟಿ ನಿಲ್ಲಿಸಿ ಅಂತ ಹೇಳಿದರೆ ನೀವು ನನ್ನನ್ನೇ ಗದ್ದೆಗೆ ಇಳಿಸುತ್ತೀರಿ. ಎರಚುವ ದಿನ ಆರಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಮೋಡ ಒಡೆದ ಹೊಳವು ಸಿಕ್ಕಾಗ ಹಾಕಿ.

ನಮ್ಮ ಹಳ್ಳಗಳದ್ದು ಇನ್ನೊಂದು ವಿಶೇಷ. ಎಷ್ಟೋ ಔಷಧಿಗಳನ್ನು ಬಿಸಿಲು ಒಡೆಯುತ್ತದೆ. ಆದರೆ ಎರಡೂ ದಡದಲ್ಲಿ ಮರ ಬಾಗಿ ನಿಂತ ಹಳ್ಳಕ್ಕೆ ಮಳೆಗಾಲದ ಮೂರು ತಿಂಗಳು ಬಿಸಿಲು ಎಲ್ಲಿ ತಾಗುತ್ತದೆ? ಬಿಸಿಲ ನಾಡಿನಲ್ಲಿ ಅಳೆದ ಸಂಖ್ಯೆಗಳನ್ನು ಇಲ್ಲಿಗೆ ಎತ್ತಿ ತರುವಾಗ ನನಗೆ ಸ್ವಲ್ಪ ಅಳುಕು.

ಎರಡು ವರ್ಷದ ಹಿಂದೆ ನಮ್ಮ ಮನೆ ಬಾವಿ ನೀರನ್ನು ಒಂದು ಪ್ರಯೋಗಾಲಯಕ್ಕೆ ಕೊಟ್ಟೆ. ಸಾವಿರಗಟ್ಟಲೆ ದುಡ್ಡಾಯಿತು. ರಿಪೋರ್ಟ್ ಬಂತು: ಪೀಡೆನಾಶಕಗಳು, ಪತ್ತೆಯಾಗಿಲ್ಲ. ಮನೆಯವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣಕ್ಷರ ಓದಿದೆ. ಯಾವ ಯಾವ ವಸ್ತು ಹುಡುಕಿದ್ದಾರೆ ಅಂತ ಪಟ್ಟಿ ಇತ್ತು. ಅದರಲ್ಲಿ ಗ್ಲೈಫೋಸೇಟೇ ಇಲ್ಲ, ಆಂಪಾ ಎಲ್ಲಿಂದ ಬರಬೇಕು? ನಾನು ಹೊಡೆದದ್ದು ಒಂದೇ ಔಷಧಿ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹುಡುಕಿ ಇಲ್ಲ ಅಂದಿದ್ದರು. ಫೋನ್ ಮಾಡಿದರೆ, ಅದಕ್ಕೆ ಬೇರೆ ಟೆಸ್ಟು ಸಾರ್ ಅಂದರು.

ಅವರು ಹೇಳಿದ್ದು ನಿಜ. ಸಾಮಾನ್ಯ ಪರೀಕ್ಷೆಯಲ್ಲಿ ನೀರಿನಲ್ಲಿರುವ ಔಷಧಿಯನ್ನು ಒಂದು ದ್ರಾವಕಕ್ಕೆ ಎಳೆದು ತೆಗೆಯುತ್ತಾರೆ. ಗ್ಲೈಫೋಸೇಟ್, ಆಂಪಾ ಎರಡಕ್ಕೂ ನೀರಿನ ಮೇಲೆ ಎಷ್ಟು ಮೋಹ ಅಂದರೆ, ದ್ರಾವಕದ ಕಡೆ ತಲೆ ಹಾಕುವುದಿಲ್ಲ. ಅವಕ್ಕೆ ಬೇರೆ ವಿಧಾನ, ಬೇರೆ ಖರ್ಚು. ಕೊಡುವ ಮೊದಲೇ ಇದನ್ನು ಹೇಳಬಹುದಿತ್ತಲ್ಲ ಅನ್ನುವುದಷ್ಟೇ ನನ್ನ ಸಿಟ್ಟು.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. 2012ರ ಆವೃತ್ತಿಯಲ್ಲಿ ಒಂದು ಲೀಟರಿಗೆ ಅಟ್ರಾಜಿನ್ 2 ಮೈಕ್ರೋಗ್ರಾಂ, ಬ್ಯುಟಾಕ್ಲೋರ್ 125, ಇನ್ನೊಂದು ಕಳೆನಾಶಕ 2,4-ಡಿಗೆ 30 ಅಂತ ಮಿತಿ ಇದೆ. ಗ್ಲೈಫೋಸೇಟ್ ಇಲ್ಲ. ತಮಾಷೆ ಏನೆಂದರೆ ಡಿಡಿಟಿಯ ಚೂರುಗಳಾದ ಡಿಡಿಇ, ಡಿಡಿಡಿ ಪಟ್ಟಿಯಲ್ಲಿವೆ. ಎಂಡೋಸಲ್ಫಾನ್ ಒಡೆದು ಬರುವ ಸಲ್ಫೇಟೂ ಇದೆ. ಅಂದರೆ ಚೂರನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ಪಟ್ಟಿ ಮಾಡಿದವರಿಗೆ ಗೊತ್ತು. ಕಳೆನಾಶಕದ ಸಾಲಿಗೆ ಬಂದಾಗ ಮರೆತರು. ವಿಶ್ವ ಆರೋಗ್ಯ ಸಂಸ್ಥೆ ಅಟ್ರಾಜಿನ್‌ಗೆ 100 ಮೈಕ್ರೋಗ್ರಾಂ ತನಕ ಬಿಡುತ್ತದೆ, ಆದರೆ ಕ್ಲೋರಿನ್ ಉಳಿದ ಚೂರುಗಳನ್ನೂ ಸೇರಿಸಿ ಲೆಕ್ಕ ಹಾಕಿ ಅನ್ನುತ್ತದೆ. ಯುರೋಪಿನಲ್ಲಿ ಯಾವುದೇ ಪೀಡೆನಾಶಕವಾದರೂ ಒಂದೊಂದಕ್ಕೆ 0.1 ಮೈಕ್ರೋಗ್ರಾಂ ಮಿತಿ, ಮುಖ್ಯವಾದ ಚೂರುಗಳಿಗೂ ಅದೇ. ಅದು ವಿಷದ ಲೆಕ್ಕ ಹಾಕಿ ಇಟ್ಟ ಸಂಖ್ಯೆ ಅಲ್ಲ. ಕುಡಿಯುವ ನೀರಿನಲ್ಲಿ ಇದು ಇರಲೇಬಾರದು ಅನ್ನುವ ಹಟ. ನನಗೆ ಆ ಹಟ ಇಷ್ಟ.

ಮೈಕ್ರೋಗ್ರಾಂ ಅಂದರೆ ಕಣ್ಣಿಗೆ ಕಟ್ಟುವುದಿಲ್ಲ, ಅಲ್ವಾ? ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಹೊಂಡ ತುಂಬಿದರೆ ಹತ್ತು ಲಕ್ಷ ಲೀಟರ್. ಔಷಧಿ ಬಾಟಲಿಯಿಂದ ಒಂದು ಚಹಾ ಚಮಚ, 5 ಮಿಲಿ, ಅದರಲ್ಲಿ ಬಿದ್ದರೆ ಸುಮಾರು 2 ಗ್ರಾಂ ಗ್ಲೈಫೋಸೇಟ್. ಅಲ್ಲಿಗೆ ಆ ಇಡೀ ಹೊಂಡ ಲೀಟರಿಗೆ 2 ಮೈಕ್ರೋಗ್ರಾಂ ಆಯಿತು. ಯುರೋಪಿನ ಮಿತಿಯ ಇಪ್ಪತ್ತು ಪಟ್ಟು. ಹಳ್ಳದಲ್ಲಿ ಕ್ಯಾನ್ ಅದ್ದಿ ತೊಳೆಯಬೇಡಿ ಅಂತ ನಾನು ಎಲ್ಲಿ ಹೋದರೂ ಗಂಟಲು ಹರಿದುಕೊಳ್ಳುವುದು ಇದಕ್ಕೇ. ತೊಳೆದ ನೀರನ್ನು ಹೊಡೆದ ಜಾಗಕ್ಕೇ ಮತ್ತೆ ಹೊಡೆದುಬಿಡಿ.

ಆಮೇಲೆ ಪ್ರಶ್ನೆಗಳು ಬಂದವು. ಮುಂದಿನ ಸಾಲಿನ ಒಬ್ಬ ಅಮ್ಮ, "ಅಬ್ಬಿ ನೀರು ಕುದಿಸಿ ಕುಡಿದರೆ ಹೋಗ್ತದಾ?" ಅಂತ ಕೇಳಿದರು. (ಅಬ್ಬಿ ಅಂದರೆ ಗುಡ್ಡದ ಒರತೆಯಿಂದ ಮನೆಗೆ ಹರಿಸಿಕೊಂಡ ನೀರು.) ಇಲ್ಲಮ್ಮ. ಕುದಿಸಿದರೆ ರೋಗಾಣು ಸಾಯುತ್ತದೆ. ಇವು ಆವಿಯಾಗಿ ಹೋಗುವ ವಸ್ತುಗಳಲ್ಲ. ನೀರು ಬತ್ತಿದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ, ಪಾಯಸದ ಹಾಗೆ. ಕ್ಯಾಂಡಲ್ ಫಿಲ್ಟರ್‌ಗೂ ಸಿಗುವುದಿಲ್ಲ. ಇದ್ದಿಲಿನ ಫಿಲ್ಟರ್ ಅಟ್ರಾಜಿನ್ ಹಿಡಿಯುತ್ತದೆ, ಅದರ ಚೂರನ್ನು ಕಡಿಮೆ ಹಿಡಿಯುತ್ತದೆ, ಆಂಪಾ ಹಿಡಿಯುವುದು ಇನ್ನೂ ಕಷ್ಟ. ಆದರೆ ನಿಮ್ಮ ಅಬ್ಬಿ ಮೇಲೆ ಬರೀ ಕಾಡು ಇದ್ದು, ಯಾರ ತೋಟವೂ ಇಲ್ಲದಿದ್ದರೆ ಇದರ ಚಿಂತೆ ನಿಮಗೆ ಬೇಡವೇ ಬೇಡ. ನಮ್ಮ ಹಿರಿಯರು ಅಬ್ಬಿ ಹಿಡಿದದ್ದು ಎಲ್ಲರ ತಲೆಯ ಮೇಲಿಂದ.

ಯುವಕನೊಬ್ಬ ಸ್ವಲ್ಪ ಖಾರವಾಗಿಯೇ ಕೇಳಿದ: "ಹೊಳೆ ಹಾಳಾದರೆ ರೈತರದ್ದೇ ತಪ್ಪಾ ಸಾರ್? ಪೇಟೆಯವರು ಏನೂ ಬಿಡೋದಿಲ್ವಾ?" ಒಳ್ಳೆಯ ಪ್ರಶ್ನೆ. ಬಟ್ಟೆ ತೊಳೆಯುವ ಕೆಲವು ಡಿಟರ್ಜೆಂಟ್‌ಗಳಲ್ಲಿ ಫಾಸ್ಫೊನೇಟ್ ಅಂತ ಹಾಕುತ್ತಾರೆ. ಅದು ಒಡೆದರೂ ಬರುವುದು ಇದೇ ಆಂಪಾ. ಪೇಟೆಯ ಚರಂಡಿ ಸೇರಿದ ಮೇಲೆ ಹೊಳೆಯಲ್ಲಿ ಆಂಪಾ ಸಿಕ್ಕರೆ ಅದು ತೋಟದ್ದೋ ವಾಷಿಂಗ್ ಮಷಿನ್ನಿನದ್ದೋ ಅಂತ ಅಣು ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ನಮ್ಮ ಹಳ್ಳದಲ್ಲೇ, ಪೇಟೆಗಿಂತ ಮೇಲೆಯೇ ನೋಡಬೇಕು ಅನ್ನುವುದು.

ಹಾಗೆ ನೋಡೋಣ ಅಂತ ಅಲ್ಲೇ ಏಳೆಂಟು ಜನ ಸೇರಿ ತೀರ್ಮಾನ ಮಾಡಿದೆವು. ಬೇಸಿಗೆಯಲ್ಲಿ ಒಂದು ಸಲ, ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಸಿಗಾಲುವೆ ಕೆಂಪಾಗಿ ಹರಿದ ದಿನ ಒಂದು ಸಲ, ದೀಪಾವಳಿ ಹೊತ್ತಿಗೆ ಇನ್ನೊಂದು ಸಲ. ಖರ್ಚು ಹಂಚಿಕೊಳ್ಳುವುದು. ಆಂಪಾ ಹುಡುಕುತ್ತೇವೆ ಅಂತ ಬರೆದು ಕೊಡುವ ಕಡೆಗೇ ಕಳಿಸುವುದು. ಬಾಟಲಿ ವಿಷಯ ಮಾತ್ರ ನೆನಪಿಡಿ ಅಂದೆ: ಗ್ಲೈಫೋಸೇಟ್ ಗಾಜಿಗೆ ಅಂಟುತ್ತದೆ, ಅದಕ್ಕೆ ಹೊಸ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಅಟ್ರಾಜಿನ್‌ಗೆ ಬೆಳಕು ತಾಗದ ಕಂದು ಗಾಜು.

ಬಾಗಿಲ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಕೇಳಿದರು, "ಮಿಡಿ ಉಪ್ಪಿನಕಾಯಿಯ ಖಾಲಿ ಡಬ್ಬಿ ಉಂಟು, ಚೊಕ್ಕ ತೊಳೆದು ತಂದರೆ ಆಗ್ತದಾ ಮೇಷ್ಟ್ರೇ?"

ಬೇಡ ಮಾರಾಯ್ರೆ ಅಂದೆ.